ಮೊದಲು ತೆರೆಯಿರಿ, ಆಮೇಲೆ ತಿರುಗಿ: ಕ್ಲೇ ಶೂಟಿಂಗ್ ರೇಂಜ್‌ನಲ್ಲಿ ಕೋವಿ ಹಿಡಿಯುವ ಕ್ರಮ

ಚಿಕ್ಕಮಗಳೂರಿನ ಹತ್ತಿರ ನಾವು ಭಾನುವಾರ ಸೇರುವ ಕ್ಲೇ ರೇಂಜ್‌ಗೆ, ಅಂದರೆ ಗಾಳಿಗೆ ಹಾರಿಬಿಟ್ಟ ಬಿಲ್ಲೆಗೆ ಗುರಿಯಿಟ್ಟು ಹೊಡೆಯುವ ಮೈದಾನಕ್ಕೆ, ಹೊಸದಾಗಿ ಬರುವವರಲ್ಲಿ ಮುಕ್ಕಾಲು ಪಾಲು ಜನ ಕೋವಿ ಕಂಡವರೇ. ತೋಟದ ಮನೆಯ ಗೋಡೆ ಮೇಲೆ ಅಜ್ಜನ ಕಾಲದ ಜೋಡು ನಳಿಗೆ ಇರುತ್ತದೆ. ಮಂಗ ಓಡಿಸಲು ಅಪ್ಪ ಈಡು ಹೊಡೆದದ್ದನ್ನು ನೋಡಿ ಬೆಳೆದಿರುತ್ತಾರೆ. ಹಾಗಾಗಿ ಅವರಿಗೆ ಕೋವಿ ಅಂದರೆ ಅಂಜಿಕೆ ಇಲ್ಲ. ತೊಂದರೆ ಶುರುವಾಗುವುದೂ ಅಲ್ಲೇ. ತೋಟದಲ್ಲಿ ಸುತ್ತಮುತ್ತ ಯಾರೂ ಇರುವುದಿಲ್ಲ. ರೇಂಜ್‌ನಲ್ಲಿ ನಿಮ್ಮ ಬೆನ್ನ ಹಿಂದೆ ಹತ್ತು ಜನ ನಿಂತಿರುತ್ತಾರೆ.

ಎಲ್ಲರೂ ಮಾಡುವ ತಪ್ಪು ಒಂದೇ. ಹೊಡೆದ ತಕ್ಷಣ, ಕೋವಿ ಮುಚ್ಚಿಕೊಂಡೇ ಹಿಂದಕ್ಕೆ ತಿರುಗುತ್ತಾರೆ. ಎಷ್ಟು ಸಲ ಹೇಳಿದರೂ ಮತ್ತೆ ಅದೇ ಆಗುತ್ತಿದೆ. ನಿಯಮ ಗೊತ್ತಿಲ್ಲದೆ ಅಲ್ಲ, ಕೈಗೆ ಕ್ರಮ ಕೂತಿಲ್ಲ. ಅದಕ್ಕೇ ಮನೆಯಿಂದ ಹೊರಟಲ್ಲಿಂದ ವಾಪಸ್ ಬರುವ ತನಕ ಯಾವುದಾದ ಮೇಲೆ ಯಾವುದು ಅಂತ ಬಿಡಿಸಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ‘ತೆರೆಯುವುದು’ ಅಂದರೆ ಮೇಲಿನ ಲಿವರ್ ಸರಿಸಿ, ನಳಿಗೆಯನ್ನು ಕೆಳಕ್ಕೆ ಮಡಚಿ, ತೋಟಾ (ಕಾರ್ಟ್ರಿಡ್ಜ್) ಕೂರುವ ತೂತು, ಅಂದರೆ ಚೇಂಬರ್, ಎಲ್ಲರಿಗೂ ಕಾಣುವ ಹಾಗೆ ಮಾಡುವುದು. ಸೇಫ್ಟಿ ಹಾಕುವುದು ಅಂತ ಅಲ್ಲ. ಸೇಫ್ಟಿ ಹೆಚ್ಚಿನ ಕೋವಿಗಳಲ್ಲಿ ಟ್ರಿಗರನ್ನು ಮಾತ್ರ ಹಿಡಿದಿಡುತ್ತದೆ. ಕೋವಿ ಜಾರಿ ನೆಲಕ್ಕೆ ಬಡಿದರೆ ಒಳಗಿನ ಕುದುರೆ (ತೋಟಾ ಹಾರಿಸಲು ಪೆಟ್ಟು ಕೊಡುವ ಸುತ್ತಿಗೆ) ತಾನಾಗಿ ಬೀಳಬಹುದು. ತೆರೆದ ಕೋವಿ ಮಾತ್ರ ಹಾರುವುದಿಲ್ಲ.

ಬೇಕಾದ ಸಾಮಾನು

ಕನ್ನಡಕ, ಕಿವಿಗೆ ಮಫ್ ಅಥವಾ ಪ್ಲಗ್, ಜಾರದ ಶೂ, ಅಗಲ ಅಂಚಿನ ಟೋಪಿ, ತೋಟಾ ಹಾಕಿಕೊಳ್ಳಲು ಸೊಂಟದ ಚೀಲ, ನಳಿಗೆ ಒರೆಸುವ ಕೋಲು ಮತ್ತು ಬಟ್ಟೆ, ಕೋವಿಯ ಕವರ್. ಇಷ್ಟು ಸಾಕು.

ಕನ್ನಡಕ ಬಿಡಬೇಡಿ. ಬಿಲ್ಲೆಗೆ ಕ್ಲೇ ಅಂತ ಹೆಸರಿದ್ದರೂ ಅದು ಜೇಡಿಮಣ್ಣಲ್ಲ. ಡಾಂಬರಿನಂಥ ಪಿಚ್ ಮತ್ತು ಸುಣ್ಣಕಲ್ಲಿನ ಪುಡಿ ಸೇರಿಸಿ ಅಚ್ಚು ಹಾಕಿರುತ್ತಾರೆ. 110 ಮಿ.ಮೀ. ಅಗಲ, ಸುಮಾರು 105 ಗ್ರಾಂ ತೂಕ. ಒಡೆದ ಚೂರು ಗಾಜಿನ ಹಾಗೆ ಚೂಪು, ಗಾಳಿಗೆ ನಮ್ಮ ಕಡೆಗೇ ಬರುತ್ತದೆ. ಕಿವಿಯ ವಿಷಯವೂ ಅಷ್ಟೇ. 12 ಬೋರ್ (ಬೋರ್ ಅಂದರೆ ನಳಿಗೆಯ ಅಗಲದ ಅಳತೆ) ಕೋವಿಯ ಸದ್ದು 150 ಡೆಸಿಬೆಲ್ ದಾಟುತ್ತದೆ. ಒಂದೊಂದೇ ಈಡಿಗೆ ಕಿವಿ ಸ್ವಲ್ಪ ಸ್ವಲ್ಪವೇ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಬೆಂಚ್ ಮೇಲೆ ಕೂತು ನೋಡುವ ಮಕ್ಕಳಿಗೂ ಮಫ್ ಹಾಕಿಸಿ.

ಬೆಲ್ಟ್ ಬೇಡ. ಮನೆ ಕೋವಿಗೆ ಹೆಗಲ ಬೆಲ್ಟ್ ಇದ್ದರೆ ಬಿಚ್ಚಿಟ್ಟು ಬನ್ನಿ. ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲೂ ಶಾಟ್‌ಗನ್‌ಗೆ, ಅಂದರೆ ಚರೆ (ಸಣ್ಣ ಸಣ್ಣ ಗುಂಡು) ಹಾರಿಸುವ ಇಂಥ ಕೋವಿಗೆ, ಬೆಲ್ಟ್ ಕಟ್ಟುವ ಹಾಗಿಲ್ಲ. ಹೆಗಲಿಗೆ ನೇತು ಹಾಕಿದ ಕೋವಿಯ ಬಾಯಿ ನೀವು ಬಗ್ಗಿದಾಗ, ತಿರುಗಿದಾಗ ಎಲ್ಲೆಲ್ಲೋ ನೋಡುತ್ತದೆ, ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಹಂತ 1: ಮನೆಯಿಂದ ಹೊರಡುವ ಮೊದಲು

ಕೋವಿ ಕೈಗೆ ತೆಗೆದುಕೊಂಡ ಕೂಡಲೇ ತೆರೆಯಿರಿ. ನಿನ್ನೆ ನೀವೇ ಒರೆಸಿ ಇಟ್ಟಿದ್ದರೂ ತೆರೆಯಿರಿ. ನಳಿಗೆಯ ಹಿಂದಿನ ತುದಿಯಿಂದ ಬೆಳಕಿನ ಕಡೆಗೆ ನೋಡಿ. ಪೂರ್ತಿ ದುಂಡಗಿನ ಬೆಳಕು ಕಾಣಬೇಕು. ಒಂದು ಕಡೆ ಮಸುಕಾಗಿದ್ದರೆ ಒಳಗೆ ಏನೋ ಇದೆ ಅಂತಲೇ ಅರ್ಥ.

ನಮ್ಮ ಕಡೆ ಈ ‘ಏನೋ’ ಬಹಳ ಸಲ ಕುಂಬಾರ ಹುಳದ ಗೂಡು. ಗೋಡೆಗೆ ನೇತು ಹಾಕಿದ ಕೋವಿಯ ನಳಿಗೆ ಆ ಹುಳಕ್ಕೆ ಹೇಳಿ ಮಾಡಿಸಿದ ಜಾಗ. ಕಳೆದ ಬೇಸಿಗೆಯಲ್ಲಿ ಒಬ್ಬರು ತಂದ ಕೋವಿಯೊಳಗೆ ಕೋಲು ಹಾಕಿದಾಗ ಹೆಬ್ಬೆರಳಿನಷ್ಟು ಉದ್ದದ ಒಣ ಮಣ್ಣು ಉದುರಿತು. ಅದರೊಳಗೆ ಹುಳ ತನ್ನ ಮರಿಗೆ ಅಂತ ತುಂಬಿಟ್ಟ ಜೇಡಗಳಿದ್ದವು. ಆ ಮಣ್ಣಿನ ಹಿಂದೆ ತೋಟಾ ಹಾರಿಸಿದ್ದರೆ ನಳಿಗೆ ಅಲ್ಲೇ ಸಿಡಿಯುತ್ತಿತ್ತು. ನಳಿಗೆಯನ್ನು ಎಡಗೈ ಹಿಡಿದಿರುತ್ತದೆ, ನೆನಪಿರಲಿ.

ಮುಂದೆ ತೋಟಾ. ಇಲ್ಲಿ ಎರಡು ಅಪಾಯ ಇದೆ, ಎರಡೂ ಹೊರಗಿನಿಂದ ಕಾಣುವುದಿಲ್ಲ.

ಮೊದಲನೆಯದು 12 ಮತ್ತು 20 ಬೋರ್ ಬೆರೆಯುವುದು. 20 ಬೋರ್ ತೋಟಾ ಸಣ್ಣದು. 12 ಬೋರ್ ಕೋವಿಗೆ ಹಾಕಿದರೆ ಒಳಕ್ಕೆ ಜಾರಿ, ಚೇಂಬರ್ ಮುಗಿಯುವ ಕಡೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದವರಿಗೆ ಖಾಲಿ ಇದ್ದ ಹಾಗೆ ಕಾಣುತ್ತದೆ. ಟ್ರಿಗರ್ ಎಳೆದರೆ ‘ಟಿಕ್’ ಅಂತದೆ ಅಷ್ಟೇ. ‘ಅಯ್ಯೋ, ತೋಟಾ ಹಾಕೋದೇ ಮರೆತೆ’ ಅಂದುಕೊಂಡು 12 ಬೋರ್ ತೋಟಾ ಹಾಕಿ ಹೊಡೆದರೆ ಕೋವಿ ಕೈಯಲ್ಲೇ ಒಡೆಯುತ್ತದೆ. 20 ಬೋರ್ ತೋಟಾಗಳನ್ನು ಸಾಮಾನ್ಯವಾಗಿ ಹಳದಿ ಬಣ್ಣದಲ್ಲಿ ಮಾಡುವುದು ಇದಕ್ಕೇ. ಬಣ್ಣವನ್ನೇ ನಂಬಬೇಡಿ, ಬುಡದ ಹಿತ್ತಾಳೆ ಮೇಲೆ ಬರೆದ ಸಂಖ್ಯೆ ಓದಿ. ಎರಡೂ ಬೋರ್ ಕೋವಿ ಇರುವ ಮನೆಯವರು ಎರಡಕ್ಕೂ ಬೇರೆ ಬೇರೆ ಚೀಲ ಇಟ್ಟುಕೊಳ್ಳಿ. ಹಳೆ ಜಾಕೆಟ್‌ನ ಜೇಬುಗಳನ್ನು ಹೊರಡುವ ಮೊದಲೇ ಬರಿದು ಮಾಡಿ.

ಎರಡನೆಯದು ತೋಟಾದ ಉದ್ದ. ಕ್ಲೇಗೆ ಬಳಸುವ ತೋಟಾ ಸಾಮಾನ್ಯವಾಗಿ 70 ಮಿ.ಮೀ. ಅಜ್ಜನ ಕಾಲದ ಎಷ್ಟೋ ಇಂಗ್ಲಿಷ್ ಕೋವಿಗಳ ಚೇಂಬರ್ 65 ಮಿ.ಮೀ. ಮಾತ್ರ. ಮೋಸ ಎಲ್ಲಿ ಅಂದರೆ, 70ರ ತೋಟಾ ಆ ಚೇಂಬರ್‌ನಲ್ಲಿ ಸಲೀಸಾಗಿ ಕೂರುತ್ತದೆ. ಏಕೆಂದರೆ 70 ಅನ್ನುವುದು ಹಾರಿದ ಮೇಲೆ ತುದಿಯ ಮಡಿಕೆ ಬಿಚ್ಚಿಕೊಂಡಾಗಿನ ಅಳತೆ. ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ಮೇಲೆ ಹಾವಿನ ಚರ್ಮದಂಥ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ, ಕರಿಮದ್ದಿನ ಕಾಲದ್ದು. ಅಂಥ ಕೋವಿಯನ್ನು ಗನ್‌ಸ್ಮಿತ್ (ಕೋವಿ ರಿಪೇರಿ ಮಾಡುವವರು) ಪರೀಕ್ಷೆ ಮಾಡಿ ಆಗಬಹುದು ಅನ್ನುವ ತನಕ ರೇಂಜ್‌ಗೆ ತರಬೇಡಿ. ಅಜ್ಜನ ನೆನಪಿಗೆ ಇಟ್ಟುಕೊಳ್ಳಿ, ಅದರ ಅಂದ ಬೇರೆಯೇ. ಕ್ಲಬ್ಬಿನ ಕೋವಿಯಲ್ಲಿ ಕಲಿಯಿರಿ.

ಲೈಸೆನ್ಸ್ ಪುಸ್ತಕ ಜೊತೆಗಿರಲಿ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಲೈಸೆನ್ಸ್ 5 ವರ್ಷಕ್ಕೆ ಕೊಡುತ್ತಾರೆ, ತಾರೀಕು ನೋಡಿಕೊಳ್ಳಿ. ಬೆಳೆ ರಕ್ಷಣೆಗೆ ಅಂತ ಕೊಟ್ಟ ಲೈಸೆನ್ಸ್ ಆದರೆ ಅದರಲ್ಲಿ ಯಾವ ಜಾಗಕ್ಕೆ ಅಂತ ಏನು ಬರೆದಿದೆ ಓದಿ. ಅಪ್ಪನ ಹೆಸರಿನ ಕೋವಿಯನ್ನು ಮಗ ಒಬ್ಬನೇ ಕಾರಿಗೆ ಹಾಕಿಕೊಂಡು ಬರುವುದು ಬೇಡ.

ಹಂತ 2: ಕಾರಿನಿಂದ ರ್ಯಾಕ್‌ವರೆಗೆ

ಕೋವಿ ಕವರ್‌ನಲ್ಲಿ, ತೋಟಾ ಬೇರೆ ಚೀಲದಲ್ಲಿ. ಕಾರಿನ ಪಕ್ಕ ನಿಂತು ಕೋವಿ ಹೊರಗೆ ತೆಗೆದು ಸ್ನೇಹಿತರಿಗೆ ತೋರಿಸುವುದು ಬೇಡ. ಅಲ್ಲಿ ಡ್ರೈವರ್‌ಗಳು, ಮಕ್ಕಳು ಓಡಾಡುತ್ತಿರುತ್ತಾರೆ.

ರ್ಯಾಕ್ ಹತ್ತಿರ ಬಂದ ಮೇಲೆ ಜಿಪ್ ಪೂರ್ತಿ ಬಿಚ್ಚಿ. ಕೋವಿಯ ಬಾಯಿ ಕವರ್‌ನ ಒಳಗೇ ಇರುವಾಗ, ಹಿಂಭಾಗ ಮಾತ್ರ ಹೊರಗೆ ಬಂದಾಗಲೇ ಲಿವರ್ ಸರಿಸಿ ತೆರೆಯಿರಿ. ಆಮೇಲೆ ಪೂರ್ತಿ ಎಳೆಯಿರಿ. ಹೀಗೆ ಮಾಡಿದರೆ ಮುಚ್ಚಿದ ಕೋವಿ ಒಂದು ಕ್ಷಣವೂ ಜನರ ನಡುವೆ ಕಾಣಿಸಿಕೊಳ್ಳುವುದಿಲ್ಲ. ವಾಪಸ್ ಹಾಕುವಾಗ ಇದೇ ಕ್ರಮ ಉಲ್ಟಾ.

ನಡೆಯುವಾಗ ತೆರೆದ ಕೋವಿ ಮೊಣಕೈ ಮಡಿಕೆಯಲ್ಲಿ, ಬಾಯಿ ನೆಲದ ಕಡೆಗೆ. ಇನ್ನೊಬ್ಬರ ಕೋವಿ ಕೇಳದೆ ಮುಟ್ಟಬೇಡಿ. ಕೊಡುವಾಗ ತೆರೆದು, ಖಾಲಿ ಇದೆ ಅಂತ ಅವರ ಕಣ್ಣಿಗೆ ತೋರಿಸಿ ಕೊಡಿ. ತೆಗೆದುಕೊಳ್ಳುವವರು ತಾವೂ ಒಮ್ಮೆ ನೋಡಲಿ. ಹಿರಿಯರು ಕೊಟ್ಟ ಕೋವಿಯನ್ನು ಮತ್ತೆ ನೋಡಿದರೆ ಅವರಿಗೆ ಬೇಜಾರಾಗುತ್ತದೋ ಅಂತ ಸಂಕೋಚ ಪಡುವವರಿದ್ದಾರೆ. ಸಂಕೋಚ ಬೇಡ. ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಹೊಡೆಯುವವರೂ ನೋಡುತ್ತಾರೆ, ನೋಡಿಸಿಕೊಳ್ಳುತ್ತಾರೆ.

ಹಂತ 3: ಸ್ಟೇಷನ್ ಮೇಲೆ ತೋಟಾ ಹಾಕುವ ಕ್ರಮ

ಸ್ಟೇಷನ್ ಅಂದರೆ ನಿಂತು ಹೊಡೆಯುವ ಜಾಗ. ಕ್ಲೇ ಶೂಟಿಂಗ್‌ನಲ್ಲಿ ಟ್ರ್ಯಾಪ್ ಎಂಬ ಆಟಕ್ಕೆ 5 ಸ್ಟೇಷನ್, ಸ್ಕೀಟ್ ಎಂಬ ಆಟಕ್ಕೆ 8. ಯಾವುದೇ ಇರಲಿ, ನಿಮ್ಮ ಸರದಿ ಬರುವ ತನಕ ತೋಟಾ ಚೀಲದಲ್ಲೇ ಇರಬೇಕು.

ಮೊದಲು ಕಾಲು. ಸ್ಟೇಷನ್ ಮೇಲೆ ನಿಂತು ಪಾದ ಸರಿ ಮಾಡಿಕೊಳ್ಳಿ. ಆಮೇಲೆ ಕಣ್ಣು. ಮುಂದೆ ಚರೆ ಬೀಳುವ ಜಾಗದಲ್ಲಿ ಜನ, ದನ ಇಲ್ಲ ಅಂತ ನೋಡಿ. ಆಮೇಲೆ ರೇಂಜ್ ಆಫೀಸರ್ (ರೇಂಜ್ ನೋಡಿಕೊಳ್ಳುವವರು) ಮಾತು. ಅವರು ಹೂಂ ಅಂದ ಮೇಲೇ ತೋಟಾ.

ಹೊಸಬರು ಮೊದಲ ಕೆಲವು ವಾರ ಒಂದೇ ತೋಟಾ ಹಾಕಿ. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. 24 ಗ್ರಾಂ ಚರೆಯ ತೋಟಾ ಹಗುರ ಅಂತಾರೆ, ಆದರೂ ಅಭ್ಯಾಸ ಇಲ್ಲದ ಹೆಗಲಿಗೆ ಒದೆ ಬಿದ್ದಾಗ ಮೈ ಹಿಂದಕ್ಕೆ ವಾಲುತ್ತದೆ, ಬೆರಳು ಬಿಗಿಯಾಗುತ್ತದೆ. ಆಗ ಎರಡನೇ ನಳಿಗೆ ಖಾಲಿ ಇದ್ದರೆ ಏನೂ ಆಗುವುದಿಲ್ಲ.

ಮುಚ್ಚುವಾಗ ನಳಿಗೆಯನ್ನು ಮೇಲಕ್ಕೆ ಎತ್ತಬೇಡಿ. ನಳಿಗೆ ಇದ್ದಲ್ಲೇ, ಮುಂದಿನ ನೆಲದ ಕಡೆಗೇ ಇರಲಿ. ಮರದ ಹಿಂಭಾಗವನ್ನು ಮೇಲಕ್ಕೆ ತಂದು ಮುಚ್ಚಿ. ತೋರುಬೆರಳು ಟ್ರಿಗರ್ ಬಳೆಯ ಹೊರಗೆ, ಮರಕ್ಕೆ ತಾಗಿಕೊಂಡು ಚಾಚಿರಬೇಕು. ಕೋವಿ ಹೆಗಲಿಗೆ ಕೂತು ಕಣ್ಣು ಮುಂದೆ ಹೋದ ಮೇಲೆ ಬೆರಳು ಒಳಗೆ.

ಹೊರಗೆ ಕುದುರೆ ಇರುವ ಹಳೆ ಕೋವಿಯವರಿಗೆ ಒಂದು ಮಾತು. ಎಳೆದ ಕುದುರೆಯನ್ನು ತುಂಬಿದ ಕೋವಿಯಲ್ಲಿ ಹೆಬ್ಬೆರಳಿನಿಂದ ಇಳಿಸಬೇಡಿ. ಬೆವರಿದ ಬೆರಳು ಜಾರಿದರೆ ಈಡು ಹೋದ ಹಾಗೇ. ಮೊದಲು ತೆರೆದು ತೋಟಾ ತೆಗೆಯಿರಿ, ಆಮೇಲೆ ಇಳಿಸಿ.

ಹಂತ 4: ಹೊಡೆದ ಮೇಲಿನ ಮೂರು ಸೆಕೆಂಡ್

ಎಲ್ಲ ತಪ್ಪೂ ಆಗುವುದು ಇಲ್ಲಿ. ನನ್ನ ಭಾವ ಮೊದಲ ಸಲ ಬಿಲ್ಲೆ ಒಡೆದ ದಿನ ನಾನು ಪಕ್ಕದಲ್ಲೇ ಇದ್ದೆ. ಎರಡು ತೋಟಾ ಹಾಕಿದ್ದರು, ಮೊದಲ ಈಡಿಗೇ ಬಿಲ್ಲೆ ಪುಡಿ ಆಯಿತು. ಹಿಂದೆ ಬೆಂಚ್ ಮೇಲಿದ್ದ ಅವರ ಮಗಳು ‘ಅಪ್ಪಾ, ಒಡೀತು!’ ಅಂತ ಕೂಗಿದಳು. ಭಾವ ನಗುತ್ತಾ ಇಡೀ ಮೈಯನ್ನೇ ತಿರುಗಿಸಿದರು. ಕೋವಿ ಮುಚ್ಚಿತ್ತು, ಎರಡನೇ ನಳಿಗೆಯಲ್ಲಿ ತೋಟಾ ಇತ್ತು, ಬೆರಳು ಬಳೆಯ ಒಳಗಿತ್ತು. ಕೋವಿಯ ಬಾಯಿ ಬೆಂಚ್‌ನ ಒಂದು ತುದಿಯಿಂದ ಶುರುವಾಗಿ ಮಗುವಿನ ತನಕ ಹೋಯಿತು. ನಾನು ನಳಿಗೆ ಹಿಡಿದು ಮೇಲಕ್ಕೆ ತಳ್ಳಿದೆ. ಯಾರಿಗೂ ಏನೂ ಆಗಲಿಲ್ಲ. ಭಾವನ ಮುಖ ಬಿಳಿಚಿಕೊಂಡಿತು. ಅವರು ಅಜಾಗರೂಕ ಮನುಷ್ಯರಲ್ಲ, ಬಹಳ ಸೂಕ್ಷ್ಮದವರು. ಮಗಳು ಕರೆದರೆ ಯಾರೇ ಆದರೂ ತಿರುಗುತ್ತಾರೆ, ಅಲ್ವಾ?

ಅದಕ್ಕೇ ಬುದ್ಧಿಯನ್ನು ನೆಚ್ಚದೆ ಕೈಗೆ ಕಲಿಸಬೇಕು. ಕ್ರಮ ಹೀಗೆ:

1. ಈಡು ಹೋಯಿತು. ಪಾದ ಅಲುಗಾಡಬಾರದು. ಬಿಲ್ಲೆ ಒಡೆದರೂ ಅಷ್ಟೇ, ತಪ್ಪಿದರೂ ಅಷ್ಟೇ.

2. ಬೆರಳು ಬಳೆಯಿಂದ ಹೊರಗೆ.

3. ಕೋವಿ ಹೆಗಲಿಂದ ಇಳಿಸಿ, ಬಾಯಿ ಮುಂದಕ್ಕೇ ಇರಲಿ. ಹೆಬ್ಬೆರಳಿನಿಂದ ಲಿವರ್ ಸರಿಸಿ ತೆರೆಯಿರಿ. ಖಾಲಿ ತೋಟಾ ಹಿಂದಕ್ಕೆ ಚಿಮ್ಮುವ ಕೋವಿ ಆದರೆ ಅಂಗೈ ಅಡ್ಡ ಹಿಡಿಯಿರಿ. ಇಲ್ಲದಿದ್ದರೆ ಹಿಂದಿರುವವರ ಮುಖಕ್ಕೆ ಹೊಡೆಯುತ್ತದೆ.

4. ಎರಡೂ ತೂತು ಕಣ್ಣಾರೆ ನೋಡಿ. ಹಾರದೆ ಉಳಿದ ತೋಟಾ ಇದ್ದರೆ ಕೈಯಿಂದ ತೆಗೆದು ಚೀಲಕ್ಕೆ ಹಾಕಿ.

5. ಈಗ ತಿರುಗಿ. ಮಗಳ ಹತ್ತಿರ ಹೋಗಿ.

ಖಾಲಿ ತೋಟಾ ನೆಲಕ್ಕೆ ಬಿದ್ದರೆ ಆಗಲೇ ಬಗ್ಗಿ ಹೆಕ್ಕಬೇಡಿ. ಬಗ್ಗಿದಾಗ ಕೋವಿ ಪಕ್ಕದವರ ಕಾಲಿಗೆ ತಿರುಗುತ್ತದೆ. ರೌಂಡ್ ಮುಗಿದು ಕೋವಿ ರ್ಯಾಕ್‌ನಲ್ಲಿ ಇಟ್ಟ ಮೇಲೆ ಹೆಕ್ಕಿ.

ನೋಡುವವರಿಗೂ ಕೆಲಸ ಇದೆ. ಸ್ಟೇಷನ್ ಮೇಲಿರುವವರನ್ನು ಹೆಸರು ಹಿಡಿದು ಕೂಗಬೇಡಿ. ಮೊಬೈಲ್ ಹಿಡಿದು ‘ಈ ಕಡೆ ನೋಡಿ’ ಅನ್ನಲೇಬೇಡಿ. ಅವರು ಕೋವಿ ತೆರೆದು ತಿರುಗಿದ ಮೇಲೆ ಚಪ್ಪಾಳೆ ಹೊಡೆಯಿರಿ.

ಈ ಐದನ್ನು ಮನೆಯಲ್ಲೇ ರೂಢಿ ಮಾಡಬಹುದು. ಒಳಗೆ ಮದ್ದಿಲ್ಲದ ಡಮ್ಮಿ ತೋಟಾ ಸಿಗುತ್ತವೆ. ಅಸಲಿ ತೋಟಾ ಇರುವ ಚೀಲವನ್ನು ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿ. ಗೋಡೆಗೆ ಮುಖ ಮಾಡಿ ನಿಂತು ದಿನಕ್ಕೆ ಇಪ್ಪತ್ತು ಸಲ ಮಾಡಿ. ಮನೆಯವರಿಗೆ ಹೇಳಿ, ನಡುವೆ ಹಿಂದಿನಿಂದ ಹೆಸರು ಕೂಗಲಿ. ಕೂಗಿದಾಗಲೂ ಹೆಬ್ಬೆರಳು ಮೊದಲು ಲಿವರ್‌ಗೆ ಹೋದರೆ ನೀವು ಕಲಿತ ಹಾಗೆ. ಭಾವ ಎರಡು ವಾರ ಹೀಗೆ ಮಾಡಿದರು. ಕೂಗುತ್ತಿದ್ದದ್ದು ಅದೇ ಮಗಳು.

ಹಂತ 5: ತೋಟಾ ಹಾರದಿದ್ದರೆ, ಸದ್ದು ಸಣ್ಣದಾದರೆ

ಟ್ರಿಗರ್ ಎಳೆದಿರಿ, ‘ಟಿಕ್’ ಅಂತು, ಹಾರಲಿಲ್ಲ. ತಕ್ಷಣ ತೆರೆಯಬೇಕು ಅನ್ನಿಸುತ್ತದೆ. ಇಲ್ಲಿ ಮಾತ್ರ ಹಿಂದಿನ ಕ್ರಮಕ್ಕೆ ತಡೆ. ಕೆಲವು ಸಲ ಮದ್ದು ತಡವಾಗಿ ಹತ್ತಿಕೊಳ್ಳುತ್ತದೆ. ಕೋವಿಯ ಬಾಯಿ ಮುಂದಕ್ಕೇ ಇಟ್ಟುಕೊಂಡು 30 ಸೆಕೆಂಡ್ ಎಣಿಸಿ. ನಿಂತಲ್ಲಿಂದಲೇ ಕೂಗಿ ರೇಂಜ್ ಆಫೀಸರ್‌ಗೆ ಹೇಳಿ, ಮೈ ತಿರುಗಿಸಬೇಡಿ. ಆಮೇಲೆ ಮುಖ ಪಕ್ಕಕ್ಕೆ ಮಾಡಿ ತೆರೆಯಿರಿ. ಆ ತೋಟಾವನ್ನು ಮತ್ತೆ ಹಾಕಿ ನೋಡುವುದು ಬೇಡ.

ಇದಕ್ಕಿಂತ ಕೆಟ್ಟದ್ದು ಸಣ್ಣ ಸದ್ದು. ‘ಢಂ’ ಅನ್ನುವ ಬದಲು ‘ಪುಸ್’ ಅಂದರೆ, ಹೆಗಲಿಗೆ ಒದೆ ಗೊತ್ತಾಗದಿದ್ದರೆ, ತೋಟಾದ ಒಳಗಿನ ಪ್ಲಾಸ್ಟಿಕ್ ವ್ಯಾಡ್ (ಮದ್ದಿಗೂ ಚರೆಗೂ ನಡುವಿನ ಬಿರಡೆ) ನಳಿಗೆಯಲ್ಲೇ ಉಳಿದಿರಬಹುದು. ಇನ್ನೊಂದು ತೋಟಾ ಹಾರಿಸಿದರೆ ನಳಿಗೆ ಸಿಡಿಯುತ್ತದೆ. ನಿಲ್ಲಿಸಿ, ಇದನ್ನೂ 30 ಸೆಕೆಂಡ್ ಬಿಟ್ಟು ತೆರೆಯಿರಿ. ಎರಡೂ ತೋಟಾ ತೆಗೆದು ಹಿಂದಿನಿಂದ ಬೆಳಕು ನೋಡಿ. ಕಾಣದಿದ್ದರೆ ಕೋಲು ಹಾಕಿ ತೆಗೆಸಿ. ಮಳೆಗಾಲದಲ್ಲಿ ಬೀರುವಿನಲ್ಲಿ ಇಟ್ಟಿದ್ದ ಹಳೆ ತೋಟಾಗಳಲ್ಲಿ ಇದು ಜಾಸ್ತಿ. ಬುಡಕ್ಕೆ ಹಸಿರು ಕಿಲುಬು ಹಿಡಿದದ್ದು, ಮೈ ಊದಿಕೊಂಡದ್ದು, ಚೇಂಬರ್‌ಗೆ ಬಲವಂತವಾಗಿ ತಳ್ಳಬೇಕಾದದ್ದು ಕಂಡರೆ ಆ ಡಬ್ಬಿಯನ್ನೇ ಪಕ್ಕಕ್ಕಿಡಿ.

ಹಂತ 6: ಮಂಜು, ಮಳೆ, ಕೊಯ್ಲು

ಕ್ಲೇಗೆ ಬಳಸುವ ಸಣ್ಣ ಚರೆಯೂ 200 ಮೀಟರ್ ದಾಟಿ ಬೀಳಬಹುದು. ಹಾಗಾಗಿ 300 ಮೀಟರ್ ತನಕ ಮುಂದೆ ಯಾರೂ ಇರಬಾರದು ಅಂತ ಇಟ್ಟುಕೊಳ್ಳಿ. ಬೆಳಗಿನ ಮಂಜಿನಲ್ಲಿ ಅಷ್ಟು ದೂರ ಕಾಣದಿದ್ದರೆ ಹೊಡೆಯುವ ಹಾಗಿಲ್ಲ. ಬಿಲ್ಲೆ ಕಾಣುತ್ತದಲ್ಲ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಕಾಫಿ ಕುಡಿಯುತ್ತಾ ಕೂತಿರಿ, ಬಿಸಿಲೇರಿದ ಮೇಲೆ ಶುರು ಮಾಡಿ.

ನವೆಂಬರ್‌ನಿಂದ ಫೆಬ್ರವರಿ ತನಕ ಕಾಫಿ ಕೊಯ್ಲು. ಪಕ್ಕದ ತೋಟದ ಯಾವ ಪಟ್ಟಿಯಲ್ಲಿ ಇವತ್ತು ಆಳುಗಳಿದ್ದಾರೆ ಅಂತ ರೈಟರ್‌ಗೆ (ತೋಟದ ಗುಮಾಸ್ತರಿಗೆ) ಫೋನ್ ಮಾಡಿ ಕೇಳಿ. ಗಿಡದ ನಡುವೆ ಬಗ್ಗಿ ಹಣ್ಣು ಕೀಳುವವರು ದೂರಕ್ಕೆ ಕಾಣುವುದೇ ಇಲ್ಲ. ಕೆಂಪು ಬಾವುಟ ಕಟ್ಟಿದ್ದೀವಿ ಅಂತ ಸುಮ್ನೆ ಇರಬೇಡಿ. ಬಾವುಟದ ಅರ್ಥ ಅವರಿಗೆ ಯಾರಾದರೂ ಹೇಳಿರಬೇಕಲ್ಲ.

ಮಾರ್ಚ್, ಏಪ್ರಿಲ್‌ನ ಹೂಮಳೆ ಗುಡುಗಿನ ಜೊತೆ ಬರುತ್ತದೆ. ಗುಡುಗು ಕೇಳಿದ ಕೂಡಲೇ ತೋಟಾ ತೆಗೆದು, ಕೋವಿ ಇಟ್ಟು, ಕಟ್ಟಡದ ಒಳಗೆ ಬನ್ನಿ. ಒದ್ದೆ ಹುಲ್ಲಿನ ಮೇಲೆ ಸ್ಟೇಷನ್‌ನಿಂದ ಸ್ಟೇಷನ್‌ಗೆ ಓಡಬೇಡಿ. ಜಾರಿ ಬಿದ್ದರೆ ಕೋವಿಯ ಬಾಯಿಗೆ ಮಣ್ಣು ಮೆತ್ತಿರುತ್ತದೆ, ನಳಿಗೆ ನೋಡದೆ ಮುಂದಿನ ತೋಟಾ ಹಾಕಬಾರದು.

ಕುಡಿದವರಿಗೆ ಕೋವಿ ಇಲ್ಲ. ಬಾರ್ ಇರುವ ಕ್ಲಬ್ ಆದರೆ ಎಲ್ಲ ಕೋವಿ ಕವರ್ ಸೇರಿದ ಮೇಲೇ ಗ್ಲಾಸ್. ರಾತ್ರಿ ಜಾಸ್ತಿ ಆಗಿ ಬೆಳಿಗ್ಗೆ ತಲೆ ಭಾರ ಇದ್ದರೂ ಆ ದಿನ ಬೆಂಚ್ ಮೇಲೇ ಇರಿ. ರಾತ್ರಿ ನಿದ್ದೆ ಇಲ್ಲದವರು, ಮನೆಯಲ್ಲಿ ಜಗಳ ಮಾಡಿಕೊಂಡು ಬಂದವರು, ಸಾಲಾಗಿ ಐದು ಬಿಲ್ಲೆ ತಪ್ಪಿ ಸಿಟ್ಟಾದವರು, ಇವರ ಕೈಯನ್ನೂ ನಾನು ಗಮನಿಸುತ್ತೇನೆ. ತೆರೆದ ಕೋವಿಯನ್ನು ಒಂದೇ ಕೈಯಲ್ಲಿ ಜಾಡಿಸಿ ಮುಚ್ಚಿದರು ಅಂದರೆ ಅವರು ಸ್ವಲ್ಪ ಹೊತ್ತು ಕೂರಬೇಕು ಅಂತ ಅರ್ಥ.

ಹಂತ 7: ರೌಂಡ್ ಮುಗಿದ ಮೇಲೆ

ಕೈ ಸೋಪು ಹಾಕಿ ತೊಳೆಯಿರಿ, ಆಮೇಲೆ ತಿಂಡಿ. ಚರೆ ಸೀಸದ್ದು, ಮದ್ದಿನ ಹೊಗೆಯಲ್ಲೂ ಸೀಸ ಇರುತ್ತದೆ. ಬುತ್ತಿಯ ಅಕ್ಕಿರೊಟ್ಟಿಗೆ ಹಾಗೇ ಕೈ ಹಾಕಬೇಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಆ ಜಾಕೆಟ್ ಬಿಚ್ಚಿದ ಮೇಲೆ ಎತ್ತಿಕೊಳ್ಳಿ.

ಆಮೇಲೆ ಲೆಕ್ಕ. ಒಂದು ರೌಂಡ್ ಅಂದರೆ 25 ಬಿಲ್ಲೆ. ಎಷ್ಟು ತೋಟಾ ತಂದಿರಿ, ಎಷ್ಟು ಹಾರಿದವು, ಚೀಲದಲ್ಲಿ ಎಷ್ಟು ಉಳಿದವು, ಮೂರೂ ಕೂಡಬೇಕು. ಒಂದು ಕಡಿಮೆ ಬಂದರೆ ಜಾಕೆಟ್‌ನ ಒಳಜೇಬು, ಪ್ಯಾಂಟಿನ ಜೇಬು, ಕಾರಿನ ಸೀಟಿನ ಸಂದಿ, ಕೊನೆಗೆ ಕೋವಿಯ ನಳಿಗೆ, ಎಲ್ಲ ಮತ್ತೆ ನೋಡಿ. ಸಿಗುವ ತನಕ ಹೊರಡಬೇಡಿ. ಕತ್ತಲಾದರೆ ಯಾರದಾದರೂ ಜೀಪಿನ ಲೈಟ್ ಹಾಕಿಸಿ ಹುಡುಕಿ, ನಾವೆಲ್ಲ ಜೊತೆಗೆ ಹುಡುಕುತ್ತೇವೆ.